ನಾಳೆ ಮಾಡೋರು, ನಾಳೆ ಬಾ ಅನ್ನೋರು

‘ಈ ಜನಕ್ಕೆ ಎಷ್ಟು ಹೇಳಿದ್ರೂ ಅಷ್ಟೇ ಕಣ್ರೀ, ಎಲ್ಲಕ್ಕೂ ನಾಳೆ ಅಂತಾರೆ.’ ಕೋರದಂಥ ಹೋಬಳಿ ಊರುಗಳ ಹೋಟೆಲ್ ಬೆಂಚಿನ ಮೇಲೆ, ಬ್ಯಾಂಕಿನ ಕಿಟಕಿಯಾಚೆ, ಶಾಲೆಯ ಮೇಷ್ಟ್ರುಗಳ ಕೋಣೆಯಲ್ಲಿ ಈ ಮಾತು ಕೇಳುತ್ತಲೇ ನಾವು ಬೆಳೆದವರು. ಹೇಳುವವರಿಗೆ ಇದು ಬೈಗುಳ ಅಂತ ಕೂಡ ಅನ್ನಿಸುವುದಿಲ್ಲ. ಮಳೆ ಬಂತು, ಬಿಸಿಲು ಬಂತು ಅಂದ ಹಾಗೆ ಕೇರಿಯವರು ಸೋಮಾರಿಗಳು ಅನ್ನುತ್ತಾರೆ. ಬೈಸಿಕೊಂಡವರೂ ಬರಬರುತ್ತಾ ಅದನ್ನೇ ನಂಬುತ್ತಾರೆ ಅನ್ನುವುದು ಇನ್ನೂ ದೊಡ್ಡ ಕೇಡು. ನಮ್ಮ ಅವ್ವಂದಿರೇ ನಮ್ಮ ತಲೆಗೆ ಮೊಟಕಿ ‘ನಾಳೆ ಅಂದವನ ಮನೆ ಹಾಳು’ ಅಂತ ಗಾದೆ ಒಗೆದಿದ್ದಾರೆ. ಗಾದೆ ಸುಳ್ಳಲ್ಲದಿರಬಹುದು. ಆದರೆ ‘ನಾಳೆ ಬಾ’ ಅನ್ನಿಸಿಕೊಂಡು ಹಾಳಾದ ಮನೆಗಳಿಗೆ ಯಾಕೆ ಒಂದು ಗಾದೆಯೂ ಹುಟ್ಟಲಿಲ್ಲ ಎಂಬುದು ನಮ್ಮ ಪ್ರಶ್ನೆ.

ತನಗೆ ಒಳ್ಳೆಯದಾಗುವ ಕೆಲಸ, ಮಾಡಲೇಬೇಕು ಅಂತ ತನಗೇ ಗೊತ್ತಿರುವ ಕೆಲಸ, ಅದನ್ನು ಮನುಷ್ಯ ಯಾಕೆ ಮುಂದಕ್ಕೆ ಹಾಕುತ್ತಾನೆ? ಪುಸ್ತಕದಂಗಡಿಯಲ್ಲೂ ಮೊಬೈಲಿನಲ್ಲೂ ಇದಕ್ಕೆ ಸಿಗುವ ಉತ್ತರ ಒಂದೇ: ಬೆಳಿಗ್ಗೆ ಐದಕ್ಕೆ ಏಳಿ, ಪಟ್ಟಿ ಮಾಡಿ, ಮನಸ್ಸು ಗಟ್ಟಿ ಮಾಡಿಕೊಳ್ಳಿ. ಐದಕ್ಕೆ ಏಳುವುದನ್ನು ನಮ್ಮ ಹೆಂಗಸರಿಗೆ ಹೇಳಿಕೊಡಲು ಬಂದವರ ಧೈರ್ಯವನ್ನು ಮೆಚ್ಚಬೇಕು.

ಉತ್ತರ ಹುಡುಕುವ ಮುಂಚೆ ಒಂದು ಸಣ್ಣ ಲೆಕ್ಕ ಮಾಡೋಣ. ನಮ್ಮ ಕೇರಿಯ ಜನ ಏನನ್ನು ನಾಳೆಗೆ ಹಾಕುತ್ತಾರೆ, ಏನನ್ನು ಹಾಕುವುದಿಲ್ಲ? ಹದ ಮಳೆ ಬಿದ್ದ ಬೆಳಿಗ್ಗೆ ರಾಗಿ ಬಿತ್ತನೆಯನ್ನು ನಾಳೆಗೆ ಇಟ್ಟ ಆಳನ್ನು ನಾವು ಕಂಡಿಲ್ಲ. ಕಡಲೆಕಾಯಿ ಕೀಳುವುದು, ರಾಗಿ ಕುಯ್ಯುವುದು, ಅಡಿಕೆ ಸುಲಿಯುವುದು ಯಾವುದಕ್ಕೂ ನಾಳೆಯಿಲ್ಲ. ವಸಂತನರಸಾಪುರದ ಕೈಗಾರಿಕಾ ಪ್ರದೇಶಕ್ಕೆ ಹೋಗುವ ಹೆಣ್ಣುಮಕ್ಕಳು ಕತ್ತಲಲ್ಲೇ ಊಟದ ಡಬ್ಬಿ ಕಟ್ಟಿಕೊಂಡು ರಸ್ತೆ ಬದಿ ನಿಂತಿರುತ್ತಾರೆ. ವ್ಯಾನು ಅವರಿಗಾಗಿ ಕಾಯುವುದಿಲ್ಲ, ಅವರು ವ್ಯಾನನ್ನು ಕಾಯಿಸುವುದೂ ಇಲ್ಲ. ಊರಲ್ಲಿ ಸಾವಾದರೆ ಗುಂಡಿ ತೋಡುವುದನ್ನು, ತಮಟೆ ಹೊತ್ತು ಹೋಗುವುದನ್ನು ನಾಳೆಗೆ ಇಡಲು ನಮ್ಮ ತಾತಂದಿರಲ್ಲಿ ಯಾರ ಕೈಲೂ ಆಗುತ್ತಿರಲಿಲ್ಲ.

ಹಾಗಾದರೆ ನಾಳೆಗೆ ಬೀಳುವುದು ಯಾವುದು? ಸತ್ತ ಅಪ್ಪನ ಹೆಸರಲ್ಲಿರುವ ಜಮೀನಿನ ಪೌತಿ ಖಾತೆ. ಮಗಳ ಜಾತಿ ಪ್ರಮಾಣಪತ್ರ. ವರ್ಷದಿಂದ ಕಾಡುವ ಹೊಟ್ಟೆನೋವಿಗೆ ಜಿಲ್ಲಾಸ್ಪತ್ರೆ. ಬೀದಿಯ ದೀಪಕ್ಕೆ ಪಂಚಾಯ್ತಿಗೊಂದು ಅರ್ಜಿ. ಪರೀಕ್ಷೆಯ ಓದು. ಅಂದರೆ ಪರರ ಕೆಲಸಕ್ಕೆ ನಾಳೆಯಿಲ್ಲ, ತನ್ನ ಕೆಲಸಕ್ಕೆ ಇವತ್ತಿಲ್ಲ. ಇಡೀ ದಿನವನ್ನು ಪರರಿಗೆ ಕೊಟ್ಟವನು ತನ್ನದನ್ನು ದಿನದ ಆಚೆಗಲ್ಲದೆ ಇನ್ನೆಲ್ಲಿ ಇಟ್ಟುಕೊಳ್ಳಬೇಕು? ಇದಕ್ಕೆ ಸೋಮಾರಿತನ ಎಂದು ಅರ್ಥ ಬರೆದ ನಿಘಂಟು ಯಾರ ಮನೆಯದು ಎಂದು ಕೇಳಬೇಕಾಗಿದೆ.

ಪೌತಿ ಖಾತೆಯನ್ನೇ ಹಿಡಿಯೋಣ. ಹಳ್ಳಿ ಮೇಷ್ಟ್ರುಗಳಿಗೆ ಇದು ಚೆನ್ನಾಗಿ ಗೊತ್ತು. ‘ಯಾಕಣ್ಣಾ, ಪಾಣಿ ಇನ್ನೂ ತಾತನ ಹೆಸರಲ್ಲೇ ಐತಲ್ಲ?’ ಅಂದರೆ ‘ಮಾಡಿಸ್ಬೇಕು ಕಣಪ್ಪಾ, ಈ ಸುಗ್ಗಿ ಕಳೀಲಿ’ ಅನ್ನುತ್ತಾರೆ. ಸುಗ್ಗಿ ಕಳೆಯುತ್ತದೆ, ಯುಗಾದಿ ಕಳೆಯುತ್ತದೆ, ಮಗಳ ಮದುವೆ ಕಳೆಯುತ್ತದೆ. ಪಾಣಿಯಲ್ಲಿ ತಾತ ಮಾತ್ರ ಹಾಗೇ ಕುಂತಿರುತ್ತಾನೆ. ಸತ್ತವನ ಹೆಸರಿಗೆ ಸೊಸೈಟಿ ಸಾಲ ಇಲ್ಲ, ಬೆಳೆ ಹೋದರೆ ಪರಿಹಾರ ಇಲ್ಲ. ಇದು ಗೊತ್ತಿದ್ದೂ ಯಾಕೆ ಸುಮ್ಮನಿದ್ದಾರೆ?

ಆ ಕೆಲಸ ಹೇಗೆ ನಡೆಯುತ್ತದೆ ನೋಡಿ. ಮೊದಲು ಮರಣ ಪ್ರಮಾಣಪತ್ರ ಬೇಕು. ತಾತ ಸತ್ತಾಗ ಯಾರೂ ಬರೆಸಿರಲಿಲ್ಲ. ಕೇರಿಯಲ್ಲಿ ಹೆಣ ಎತ್ತುವುದು ಒಂದು ಕೆಲಸ, ಬರೆಸುವುದು ಇನ್ನೊಂದು ಕೆಲಸ ಅಂತ ಅವತ್ತು ಯಾರಿಗೂ ಹೊಳೆಯಲಿಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆ ಪ್ರಕಾರ ಒಂದು ವರ್ಷ ದಾಟಿದ ಸಾವನ್ನು ಬರೆಸಲು ಮ್ಯಾಜಿಸ್ಟ್ರೇಟರ ಆದೇಶ ಬೇಕಿತ್ತು, ಅಂದರೆ ವಕೀಲರು, ಕೋರ್ಟು. 2023ರ ತಿದ್ದುಪಡಿಯಲ್ಲಿ ಆ ಅಧಿಕಾರ ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿಗಳ ಕಡೆಗೆ ಬಂತು. ಆಮೇಲೆ ವಂಶವೃಕ್ಷ. ಆಮೇಲೆ ಅಣ್ಣತಮ್ಮಂದಿರ ಒಪ್ಪಿಗೆ. ಒಬ್ಬ ಬೆಂಗಳೂರಿನ ಪೀಣ್ಯದಲ್ಲಿರುತ್ತಾನೆ, ಒಬ್ಬ ಮಾತು ಬಿಟ್ಟಿರುತ್ತಾನೆ. ಪ್ರತಿ ಸಲ ಹೋಗುವುದೂ ಒಂದು ದಿನದ ಕೂಲಿ. ಹೋದ ದಿನ ಸಾಹೇಬರು ಮೀಟಿಂಗಿನಲ್ಲಿರುತ್ತಾರೆ, ಇಲ್ಲವೇ ಸರ್ವರ್ ಮಲಗಿರುತ್ತದೆ. ನಾಲ್ಕು ಸಲ ಹೋಗಿ ಬರಿಗೈಯಲ್ಲಿ ಬಂದವನು ಐದನೆಯ ಸಲಕ್ಕೆ ‘ನಾಳೆ ನೋಡಾನ’ ಅಂದರೆ ಅವನು ಲೆಕ್ಕ ಬಲ್ಲವನು. ಐದನೆಯ ಸಲವೇ ಕೆಲಸ ಆಗಬಹುದಿತ್ತು ನಿಜ. ಆದರೆ ಆ ‘ಬಹುದಿತ್ತು’ವಿಗೆ ಕೂಲಿ ಕೊಡುವವರಿಲ್ಲ.

ಖರ್ಚಿಗಿಂತ ದೊಡ್ಡದು ಇನ್ನೊಂದಿದೆ. ಕಚೇರಿಯ ಮೆಟ್ಟಿಲ ಬಳಿ ಚಪ್ಪಲಿ ಬಿಡಬೇಕು ಅಂತ ನಮ್ಮ ದೊಡ್ಡಪ್ಪಂದಿರಿಗೆ ಯಾವ ಬೋರ್ಡೂ ಹೇಳುವುದಿಲ್ಲ. ಕಾಲು ತಾನೇ ಬಿಡುತ್ತದೆ. ಕಿಟಕಿಯ ಆಚೆಯಿಂದ ‘ಏನಯ್ಯಾ, ಎಲ್ಲಿ ನಿನ್ನ ಕಾಗದ’ ಅನ್ನುವ ಏಕವಚನ, ಓದಲು ಬಾರದ ಕಾಗದವನ್ನು ತಿರುವುಮುರುವಾಗಿ ಹಿಡಿದಾಗ ಪಕ್ಕದವರ ನಗು, ಊರಿನ ಹೆಸರು ಕೇಳಿದ ಮೇಲೆ ‘ಯಾವ ಬೀದಿ?’ ಅನ್ನುವ ಎರಡನೆಯ ಪ್ರಶ್ನೆ. ಮುಂದಕ್ಕೆ ಹಾಕುವ ಚಾಳಿ ಸಮಯ ನಿಭಾಯಿಸಲು ಬಾರದ್ದರಿಂದ ಹುಟ್ಟುವುದಲ್ಲ, ಆ ಕೆಲಸ ನೆನೆದರೆ ಎದ್ದೇಳುವ ಅಂಜಿಕೆ, ನಾಚಿಕೆ, ಬೇಸರದಿಂದ ಈ ಹೊತ್ತು ಪಾರಾಗಲು ಮನಸ್ಸು ಹುಡುಕುವ ದಾರಿ ಅದು ಎಂದು ಇದರ ಮೇಲೆಯೇ ಬಹುಕಾಲ ಕೆಲಸ ಮಾಡಿದ ಕೆನಡಾದ ಮನಶ್ಶಾಸ್ತ್ರಜ್ಞ ತಿಮೋತಿ ಪಿಚಿಲ್ ಹೇಳುತ್ತಾ ಬಂದಿದ್ದಾರೆ. ಕೆಲಸ ಮುಂದಕ್ಕೆ ಹೋದ ಗಳಿಗೆಯಲ್ಲಿ ಎದೆ ಹಗುರಾಗುತ್ತದೆ. ಆ ಹಗುರವೇ ಮತ್ತೆ ಮತ್ತೆ ಮುಂದಕ್ಕೆ ಹಾಕಿಸುತ್ತದೆ. ಇದು ಎಲ್ಲ ಮನುಷ್ಯರಿಗೂ ನಿಜ. ಆದರೆ ನಾಚಿಕೆಯನ್ನು ಎಲ್ಲ ಮನುಷ್ಯರಿಗೂ ಸಮನಾಗಿ ಹಂಚಿದ ದೇಶ ಇದಲ್ಲ ಅನ್ನುವುದನ್ನು ಸೇರಿಸಿ ಓದಿಕೊಳ್ಳಬೇಕು.

ಕಾಲೇಜಿನ ಗೆಳೆಯರು ಇದನ್ನು ತಮ್ಮ ಮೇಲೇ ಇಟ್ಟು ನೋಡಲಿ. ಮನೆಯಲ್ಲಿ ಮೊದಲು ಓದಿದ ಹುಡುಗ ಪರೀಕ್ಷೆ ಹತ್ತಿರ ಬಂದಷ್ಟೂ ಪುಸ್ತಕದಿಂದ ದೂರ ಹೋಗುತ್ತಾನೆ. ಹಾಸ್ಟೆಲಿನ ಕೋಣೆ ಗುಡಿಸುತ್ತಾನೆ, ಬಟ್ಟೆ ಒಗೆಯುತ್ತಾನೆ, ಪೋಸ್ಟರ್ ಬರೆಯುತ್ತಾನೆ, ಪುಸ್ತಕವನ್ನಷ್ಟೇ ಮುಟ್ಟುವುದಿಲ್ಲ. ಓದದೆ ಫೇಲಾದರೆ ‘ಓದಲಿಲ್ಲ’ ಅಂತ ಒಂದು ಮಾತಾದರೂ ಉಳಿಯುತ್ತದೆ. ಓದಿಯೂ ಫೇಲಾದರೆ? ‘ರಿಸರ್ವೇಶನ್ನಿನಲ್ಲಿ ಬಂದವರು ಅಷ್ಟೇ’ ಎಂದು ಮೊದಲೇ ಬರೆದಿಟ್ಟ ತೀರ್ಪಿಗೆ ತಾನೇ ಸಾಕ್ಷಿ ಹೇಳಿದಂತಾಗುತ್ತದೆ. ಮೇಲಿನ ಬೀದಿಯ ಹುಡುಗ ಫೇಲಾದರೆ ಅವನೊಬ್ಬ ಫೇಲು. ಇವನು ಫೇಲಾದರೆ ಇಡೀ ಕೇರಿ ಫೇಲು. ಅಷ್ಟು ಜನರನ್ನು ಹೊತ್ತುಕೊಂಡು ಪುಸ್ತಕದ ಮುಂದೆ ಕೂರುವುದು ಸುಲಭವಲ್ಲ. ಅಪ್ಪ ಅವ್ವ ಇದನ್ನು ತಿಳಿಯದಿರಬಹುದು, ಮೇಷ್ಟ್ರುಗಳು ತಿಳಿಯಲೇಬೇಕು.

ನಾಳೆಯನ್ನು ನಂಬುವುದೂ ಕಲಿತು ಬರುವ ವಿದ್ಯೆ. ಮಗುವಿನ ಮುಂದೆ ಒಂದು ಮಿಠಾಯಿ ಇಟ್ಟು, ಈಗಲೇ ತಿನ್ನದೆ ಕಾದರೆ ಎರಡು ಕೊಡುತ್ತೇವೆ ಅನ್ನುವ ಅಮೆರಿಕದ ಪ್ರಯೋಗವೊಂದು ಬಹಳ ಹೆಸರುವಾಸಿ. ಕಾದ ಮಕ್ಕಳು ಗಟ್ಟಿ ಮನಸ್ಸಿನವರು, ಕಾಯದವರು ದುರ್ಬಲರು ಅಂತ ಅದರಿಂದ ಎಷ್ಟೋ ಉಪದೇಶ ಹುಟ್ಟಿತು. ಅಲ್ಲಿನ ರಾಚೆಸ್ಟರ್ ವಿಶ್ವವಿದ್ಯಾಲಯದವರು 28 ಮಕ್ಕಳ ಮೇಲೆ ಇದನ್ನೇ ಬೇರೆ ಥರ ಮಾಡಿ 2013ರಲ್ಲಿ ಪ್ರಕಟಿಸಿದರು. ಅರ್ಧ ಮಕ್ಕಳಿಗೆ ಮೊದಲು ಒಳ್ಳೆಯ ಬಣ್ಣದ ಕಡ್ಡಿ ತರುತ್ತೇವೆ ಎಂದು ಹೇಳಿ ತಂದುಕೊಟ್ಟರು; ಉಳಿದರ್ಧಕ್ಕೆ ಅದೇ ಮಾತು ಹೇಳಿ ಬರಿಗೈಯಲ್ಲಿ ಬಂದರು. ಆಮೇಲೆ ಮಿಠಾಯಿ ಇಟ್ಟಾಗ ಮೊದಲ ಗುಂಪು ಸರಾಸರಿ ಹನ್ನೆರಡು ನಿಮಿಷ ಕಾಯಿತು, ಮೋಸಹೋದ ಗುಂಪು ಮೂರು ನಿಮಿಷ. ಹೀಗೆ ಎರಡೇ ಎರಡು ಸಲ ಮಾತು ತಪ್ಪಿದ್ದಕ್ಕೆ ಮಕ್ಕಳ ನಂಬಿಕೆ ನಾಲ್ಕನೇ ಒಂದು ಪಾಲಿಗೆ ಇಳಿಯಿತು. ತಲೆಮಾರುಗಳಿಂದ ಮಾತು ತಪ್ಪಿಸಿಕೊಂಡ ಜನ ನಾಳೆ ಬರುವ ಫಲಕ್ಕಾಗಿ ಇವತ್ತು ಬೆವರು ಸುರಿಸಲಿಲ್ಲ ಅಂತ ದೂರುವವರು ಈ ಲೆಕ್ಕವನ್ನು ಜೇಬಿನಲ್ಲಿ ಇಟ್ಟುಕೊಳ್ಳಬೇಕು. ಪಕ್ಕದ ತಮಿಳುನಾಡಿನಲ್ಲಿ 464 ಕಬ್ಬು ಬೆಳೆಗಾರರನ್ನು ಪರೀಕ್ಷಿಸಿ ಅದೇ ವರ್ಷ ಪ್ರಕಟಿಸಿದ ಇನ್ನೊಂದು ಅಧ್ಯಯನ ಇದೆ: ಕಟಾವಿಗೆ ಮುಂಚೆ ಕೈ ಬರಿದಾಗಿದ್ದಾಗ ಬುದ್ಧಿ ಪರೀಕ್ಷೆಯಲ್ಲಿ ಹಿಂದೆ ಬಿದ್ದ ರೈತನೇ, ಕಟಾವಾಗಿ ದುಡ್ಡು ಬಂದ ಮೇಲೆ ಮುಂದೆ ಬಂದ. ಮನುಷ್ಯ ಅವನೇ. ಇವತ್ತಿನ ಚಿಂತೆ ತಲೆಯನ್ನು ತುಂಬಿದ್ದಾಗ ನಾಳೆಯ ಕೆಲಸಕ್ಕೆ ಅಲ್ಲಿ ಜಾಗವಿರಲಿಲ್ಲ.

ಈಗ ಕಿಟಕಿಯ ಆಚೆ ಕುಳಿತವರ ನಾಳೆಯನ್ನು ನೋಡೋಣ. 1990ರ ದಶಕದಲ್ಲಿ ನಮ್ಮ ಸೀಮೆಯ ಊರುಗಳಲ್ಲಿ ಮನೆಯ ಗೋಡೆ, ಬಾಗಿಲಿನ ಮೇಲೆ ‘ನಾಳೆ ಬಾ’ ಎಂದು ಬರೆದಿದ್ದರು. ರಾತ್ರಿ ಬರುವ ದೆವ್ವ ಅದನ್ನು ಓದಿಕೊಂಡು ಹೋಗುತ್ತದೆ, ಮಾರನೆ ರಾತ್ರಿ ಬಂದರೆ ಮತ್ತೆ ಅದೇ ಬರಹ. ದೆವ್ವಕ್ಕೆ ಅಕ್ಷರ ಬರುತ್ತಿತ್ತು ಅನ್ನುವುದೊಂದು ತಮಾಷೆ. ಮೌಢ್ಯ ಅಂತ ನಾವು ನಕ್ಕೆವು. ಆದರೆ ಆ ಬರಹವನ್ನು ಅಳಿಸದೆ ಇಟ್ಟುಕೊಂಡದ್ದು ಸರ್ಕಾರ. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 45ನೇ ವಿಧಿ, ಹದಿನಾಲ್ಕು ವರ್ಷದವರೆಗಿನ ಎಲ್ಲ ಮಕ್ಕಳಿಗೂ ಹತ್ತು ವರ್ಷದೊಳಗೆ ಉಚಿತ ಕಡ್ಡಾಯ ಶಿಕ್ಷಣ ಕೊಡಲು ಪ್ರಯತ್ನಿಸಬೇಕು ಎಂದಿತ್ತು. ಶಿಕ್ಷಣ ಹಕ್ಕು ಕಾಯ್ದೆ ಜಾರಿಯಾದದ್ದು 2010ರ ಏಪ್ರಿಲ್ 1ಕ್ಕೆ. ಹತ್ತು ವರ್ಷದ ಕೆಲಸಕ್ಕೆ ಅರವತ್ತು ವರ್ಷ. ಒಳಮೀಸಲಾತಿಗೆ ಸದಾಶಿವ ಆಯೋಗ ರಚನೆಯಾದದ್ದು 2005ರಲ್ಲಿ, ವರದಿ ಬಂದದ್ದು 2012ರಲ್ಲಿ, ಅದು ಕಪಾಟಿನಲ್ಲಿ ಮಲಗಿ, ಸುಪ್ರೀಂ ಕೋರ್ಟು 2024ರ ಆಗಸ್ಟಿನಲ್ಲಿ ಒಳಮೀಸಲಾತಿ ಸರಿ ಅಂದು, ಮತ್ತೊಂದು ಆಯೋಗ ಕುಳಿತು, ರಾಜ್ಯ ಸಂಪುಟ ತೀರ್ಮಾನ ಮಾಡಿದ್ದು 2025ರ ಆಗಸ್ಟಿನಲ್ಲಿ. ಆ ಇಪ್ಪತ್ತು ವರ್ಷದಲ್ಲಿ ನೌಕರಿಯ ವಯೋಮಿತಿ ದಾಟಿದ ಹುಡುಗರನ್ನು ಯಾವ ಆಯೋಗವೂ ಹಿಂದಕ್ಕೆ ಕರೆಯಲಾರದು. ಇದನ್ನು ಯಾರೂ ಸೋಮಾರಿತನ ಅನ್ನಲಿಲ್ಲ. ‘ಪರಿಶೀಲನೆಯಲ್ಲಿದೆ’ ಅಂದರು. ವಿಧಾನಸೌಧದ ಮೇಲೆ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂದು ಕೆತ್ತಿದೆ. ದೇವರೂ ನಮ್ಮ ವಿಷಯದಲ್ಲಿ ಅವಸರ ಮಾಡಿದವನಲ್ಲ.

ತಡಕ್ಕೆ ಬಡ್ಡಿ ಇದೆ ಅನ್ನುವುದು ಸರ್ಕಾರಕ್ಕೂ ಗೊತ್ತು. 2005ರ ಉದ್ಯೋಗ ಖಾತ್ರಿ ಕಾಯ್ದೆಯಡಿ 15 ದಿನದೊಳಗೆ ಕೂಲಿ ಕೊಡಬೇಕಿತ್ತು. ತಡವಾದರೆ ದಿನಕ್ಕೆ ಶೇಕಡಾ 0.05ರಂತೆ ಪರಿಹಾರ ಎಂದು ನಿಗದಿಯಾಯಿತು. ಅಂದರೆ ನೂರು ರೂಪಾಯಿಗೆ ದಿನಕ್ಕೆ ಐದು ಪೈಸೆ, ತಿಂಗಳಿಗೆ ಒಂದೂವರೆ ರೂಪಾಯಿ. ಕೂಲಿ ಬರುವ ತನಕ ಅದೇ ಮನುಷ್ಯ ಊರಲ್ಲಿ ಕೈಸಾಲ ತಂದರೆ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ, ಐದು ರೂಪಾಯಿ. ತಡ ಮಾಡಿದವನು ಒಂದೂವರೆ ಕಟ್ಟಿದರೆ (ಕಟ್ಟಿದರೆ!) ಕಾದವನು ಐದು ಕಟ್ಟಬೇಕು. ಮುಂದೂಡುವುದು ಸರಿಯೋ ತಪ್ಪೋ ಎಂದು ಕೇಳುವವರು ಮೊದಲು ಈ ಬಡ್ಡಿಯನ್ನು ಯಾರು ಕಟ್ಟುತ್ತಿದ್ದಾರೆ ಅಂತ ಕೇಳಬೇಕು ಎನ್ನುವುದು ನಮ್ಮ ವಾದ. ತನ್ನ ಕೆಲಸ ಮುಂದೂಡಿ ತಾನೇ ಬಡ್ಡಿ ಕಟ್ಟುವವನು ಒಂದು ಬಗೆ. ತಾನು ಮುಂದೂಡಿ ಇನ್ನೊಬ್ಬರ ಕೈಲಿ ಕಟ್ಟಿಸುವವನು ಇನ್ನೊಂದು ಬಗೆ. ಇವರಿಬ್ಬರನ್ನೂ ಒಂದೇ ಹೆಸರಿನಿಂದ ಕರೆಯುವುದು ಅನ್ಯಾಯ.

ಕಾನೂನೇ ನಮ್ಮ ತಡವನ್ನು ಅಪರಾಧವೆಂದು ಎಣಿಸಿದ ಪ್ರಸಂಗ ಒಂದಿದೆ. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನು ಷರತ್ತು ಮೀರಿ ಬೇರೆಯವರ ಕೈ ಸೇರಿದ್ದರೆ ಆ ಪರಭಾರೆ ಅನೂರ್ಜಿತ, ಜಮೀನು ಮಂಜೂರಾದವನಿಗೆ ಅಥವಾ ಅವನ ವಾರಸುದಾರರಿಗೆ ಮರಳಬೇಕು ಎಂದು 1978ರ ಪಿಟಿಸಿಎಲ್ ಕಾಯ್ದೆ ಹೇಳಿತು. ದೇವರಾಜ ಅರಸರ ಕಾಲದ ಈ ಕಾಯ್ದೆ 1979ರ ಜನವರಿ 1ರಿಂದ ಜಾರಿಗೆ ಬಂತು. ಕೊಂಡವರು ಸುಪ್ರೀಂ ಕೋರ್ಟಿನವರೆಗೆ ಹೋಗಿ ಪ್ರಶ್ನಿಸಿದರು. 1984ರಲ್ಲಿ ಮಂಚೇಗೌಡ ಪ್ರಕರಣದಲ್ಲಿ ಕಾಯ್ದೆ ಗೆದ್ದಿತು. ಅರ್ಜಿ ಕೊಡಬೇಕಾದ್ದು ಉಪವಿಭಾಗಾಧಿಕಾರಿಗೆ. ಕೋರದವರಿಗಾಗಲಿ ಗುಬ್ಬಿ, ಕುಣಿಗಲ್ಲಿನವರಿಗಾಗಲಿ ಆ ಕಚೇರಿ ತುಮಕೂರಿನಲ್ಲಿ. ಇಷ್ಟು ವರ್ಷದೊಳಗೆ ಬನ್ನಿ ಎಂಬ ಗಡುವು ಕಾಯ್ದೆಯಲ್ಲಿರಲಿಲ್ಲ. ಆದರೆ 2017ರಲ್ಲಿ ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಗಡುವು ಬರೆದಿಲ್ಲದಿದ್ದರೂ ಸಮಂಜಸವಾದ ಕಾಲದೊಳಗೆ ಬರಬೇಕಿತ್ತು, ಎರಡು ದಶಕ ದಾಟಿ ಬಂದದ್ದು ಒಪ್ಪತಕ್ಕದ್ದಲ್ಲ ಅಂದಿತು. ಆ ತೀರ್ಪಿನ ಬೆನ್ನಲ್ಲಿ ರಾಜ್ಯದ ಉದ್ದಗಲಕ್ಕೂ ಅರ್ಜಿಗಳು ಬಿದ್ದುಹೋದವು. ಹೋರಾಟ ನಡೆದು, 2023ರಲ್ಲಿ ಯಾವ ಕಾಲಮಿತಿಯೂ ಇಲ್ಲ ಎಂದು ರಾಜ್ಯ ಸರ್ಕಾರ ತಿದ್ದುಪಡಿ ತಂದಿತು. ತಂದ ಮೇಲೂ ‘ಕಾಲಮಿತಿ ಬೇರೆ, ವಿಳಂಬ ಬೇರೆ’ ಎಂಬ ವಾದ ಹೈಕೋರ್ಟಿನಲ್ಲಿ ಗೆದ್ದದ್ದುಂಟು.

ಮಂಜೂರಾದ ಎರಡೆಕರೆಯನ್ನು ಮದುವೆಗೋ ಕಾಯಿಲೆಗೋ ಬರೆದುಕೊಟ್ಟವನು ಇಪ್ಪತ್ತು ವರ್ಷ ಯಾಕೆ ಸುಮ್ಮನಿದ್ದ? ಬರೆಸಿಕೊಂಡವನು ಯಾರೆಂದು ಕೇಳಿದರೆ ಉತ್ತರ ಅಲ್ಲೇ ಇದೆ. ನಾಳೆ ಬೆಳಿಗ್ಗೆ ಕೂಲಿಗೆ ಹೋಗಬೇಕಾದ ಹೊಲ ಅವನದೇ. ದನ ದಾಟಬೇಕಾದ ದಾರಿ ಅವನದೇ. ಸಾಲ ಕೊಟ್ಟವನೂ ಅವನೇ, ಪಂಚಾಯ್ತಿಯಲ್ಲಿ ಕೂರುವವನೂ ಅವನೇ. ಅರ್ಜಿ ಬರೆಯುವುದು ಅಂದರೆ ಒಂದು ಕಾಗದ ಬರೆಯುವುದಲ್ಲ, ನಾಳೆಯ ಅನ್ನವನ್ನು ಇವತ್ತೇ ಒದೆಯುವುದು. ಮಗ ಬೆಂಗಳೂರಿಗೆ ಹೋಗಿ ನಾಲ್ಕು ಕಾಸು ದುಡಿದ ಮೇಲೆ, ಆ ಹೊಲಕ್ಕೆ ಕೂಲಿಗೆ ಹೋಗುವುದು ತಪ್ಪಿದ ಮೇಲೆ, ಅಪ್ಪನಿಗೆ ಧೈರ್ಯ ಬರುತ್ತದೆ. ಅದಕ್ಕೆ ಇಪ್ಪತ್ತು ವರ್ಷ ಹಿಡಿಯುತ್ತದೆ. ನ್ಯಾಯಾಲಯ ವರ್ಷಗಳನ್ನು ಎಣಿಸಿತು. ಆ ವರ್ಷಗಳು ಯಾವುದರಿಂದ ಮಾಡಿದವು ಎಂಬುದನ್ನು ಎಣಿಸಲಿಲ್ಲ.

ಇಷ್ಟಕ್ಕೂ ಈ ದೇಶದ ಅತಿ ದೊಡ್ಡ ಮುಂದೂಡಿಕೆ ಧರ್ಮದ್ದು. ಈ ಜನ್ಮದಲ್ಲಿ ಚಾಕರಿ ಮಾಡು, ಮುಂದಿನ ಜನ್ಮದಲ್ಲಿ ಮೇಲೆ ಹುಟ್ಟುತ್ತೀಯೆ ಎಂದು ಪುರೋಹಿತಶಾಹಿ ಬರೆದುಕೊಟ್ಟ ಪ್ರಾಮಿಸರಿ ನೋಟನ್ನು ನಗದು ಮಾಡಿಕೊಂಡು ಬಂದವರು ಒಬ್ಬರೂ ಇಲ್ಲ. ಅಂಬೇಡ್ಕರ್ ಆ ನೋಟನ್ನು ಹರಿದರು. ಇಲ್ಲೊಂದು ಸಂಗತಿಯನ್ನು ಗೆಳೆಯರು ಗಮನಿಸಬೇಕು. ಹಿಂದೂವಾಗಿ ಸಾಯುವುದಿಲ್ಲ ಎಂದು ಅವರು ಯೇವಲಾದಲ್ಲಿ ಸಾರಿದ್ದು 1935ರ ಅಕ್ಟೋಬರ್ 13ರಂದು. ನಾಗಪುರದಲ್ಲಿ ಬೌದ್ಧರಾದದ್ದು 1956ರ ಅಕ್ಟೋಬರ್ 14ರಂದು. ನಡುವೆ ಇಪ್ಪತ್ತೊಂದು ವರ್ಷ. ಆಮೇಲೆ ಬದುಕಿದ್ದು ಎರಡು ತಿಂಗಳೂ ಇಲ್ಲ. ಇದು ಮುಂದೂಡುವಿಕೆಯೇ? ಆ ವರ್ಷಗಳಲ್ಲಿ ಅವರು ಓದಿದರು, ಧರ್ಮಗಳನ್ನು ತೂಗಿದರು, ಲಕ್ಷಾಂತರ ಜನ ಜೊತೆಗೆ ನಡೆದು ಬರುವಷ್ಟು ದಾರಿ ಅಗಲ ಮಾಡಿದರು. ಅದನ್ನು ತಯಾರಿ ಅನ್ನಬೇಕು. ತನ್ನ ನಿರ್ಧಾರಕ್ಕೆ ಅಷ್ಟು ಕಾಲ ತೆಗೆದುಕೊಂಡ ಅದೇ ಮನುಷ್ಯ, ಹೆಣ್ಣುಮಕ್ಕಳಿಗೆ ಆಸ್ತಿಯ ಹಕ್ಕು ಕೊಡುವ ಹಿಂದೂ ಕೋಡ್ ಮಸೂದೆಯನ್ನು ಸರ್ಕಾರ ಮುಂದಕ್ಕೆ ತಳ್ಳಿದಾಗ ತಡೆಯಲಿಲ್ಲ, 1951ರಲ್ಲಿ ಮಂತ್ರಿಗಿರಿ ಬಿಟ್ಟು ಎದ್ದುಬಂದರು. ಆ ತಡದ ಬಡ್ಡಿ ಕಟ್ಟುವವರು ಹೆಂಗಸರು ಎಂದು ಅವರಿಗೆ ಗೊತ್ತಿತ್ತು.

ಹೀಗೆ ನೋಡಿದರೆ ನಮ್ಮ ಮನೆಗಳೂ ಚಳವಳಿಯೂ ಪರೀಕ್ಷೆಯಿಂದ ಪಾರಾಗುವುದಿಲ್ಲ. ಮೊದಲು ಜಾತಿ ಹೋಗಲಿ, ಮೊದಲು ಭೂಮಿ ಬರಲಿ, ಹೆಂಗಸರ ವಿಷಯ ಆಮೇಲೆ ನೋಡೋಣ ಅನ್ನುವ ಮಾತು ಬಂಡಾಯದ ವೇದಿಕೆಗಳಲ್ಲೂ ಕೇಳಿಬಂದಿದೆ. ಅದು ಕಿಟಕಿಯಾಚೆಯ ಭಾಷೆ. ಅದೇ ಪೌತಿ ಖಾತೆಯ ವಂಶವೃಕ್ಷವನ್ನು ತೆಗೆದು ನೋಡಿ: ಅಣ್ಣತಮ್ಮಂದಿರ ಹೆಸರೆಲ್ಲ ಇರುತ್ತದೆ, ಕುಣಿಗಲ್ಲಿಗೋ ಸಿರಾಕ್ಕೋ ಕೊಟ್ಟ ಅಕ್ಕನ ಹೆಸರು ಇರುವುದಿಲ್ಲ. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಎಂದು ಕರ್ನಾಟಕ 1994ರಲ್ಲೇ ಕಾನೂನು ತಂದಿದೆ, ದೇಶಕ್ಕೆಲ್ಲ 2005ರಲ್ಲಿ ಬಂದಿದೆ. ‘ಅಕ್ಕನ್ ಹೆಸ್ರು ಆಮೇಲೆ ಸೇರಿಸ್ಕಂಡ್ರಾಯ್ತು ಬಿಡಣ್ಣ’ ಅನ್ನುವವನಿಗೆ ಕಚೇರಿಯ ಅಂಜಿಕೆಯಿಲ್ಲ, ಧಣಿಯ ಹೆದರಿಕೆಯಿಲ್ಲ. ಅವನ ತಡಕ್ಕೆ ಈ ಲೇಖನದಲ್ಲಿ ಕ್ಷಮೆ ಹುಡುಕಬೇಡಿ.

ಅಂಜಿಕೆಯಿಂದ ಮುಂದೂಡಿದ ಕೆಲಸಕ್ಕೆ ಉಪದೇಶ ನಾಟುವುದಿಲ್ಲ, ಜೊತೆ ನಾಟುತ್ತದೆ. ಒಬ್ಬನೇ ನಿಂತಾಗ ‘ಏನಯ್ಯಾ’ ಅನ್ನುವ ಕಿಟಕಿ, ನಾಲ್ಕು ಜನ ನಿಂತರೆ ‘ಏನು ಬೇಕಿತ್ತು?’ ಅನ್ನುವುದನ್ನು ಸಂಘಟನೆಯ ಗೆಳೆಯರೆಲ್ಲ ಕಂಡಿದ್ದಾರೆ. ಹಳ್ಳಿಯ ಮೇಷ್ಟ್ರುಗಳು ವಾರಕ್ಕೊಂದು ಸಂಜೆ ಕೇರಿಯ ಜಗಲಿ ಮೇಲೆ ಕೂತು ಕಾಗದ ಓದಿ ಹೇಳಬಹುದು, ಅರ್ಜಿ ಬರೆದುಕೊಡಬಹುದು. ಕಾಲೇಜಿನ ಹುಡುಗರು ಜೊತೆಗೆ ಬಸ್ಸು ಹತ್ತಬಹುದು. ಅರ್ಜಿ ಕೊಟ್ಟರೆ ಸ್ವೀಕೃತಿ ಪಡೆಯಲಿ. ಸಕಾಲ ಕಾಯ್ದೆ 2012ರಿಂದ ಜಾರಿಯಲ್ಲಿದೆ, ಹೇಳಿದ ದಿನಕ್ಕೆ ಕೆಲಸ ಆಗದಿದ್ದರೆ ದಿನಕ್ಕೆ 20 ರೂಪಾಯಿ, ಗರಿಷ್ಠ 500 ರೂಪಾಯಿ ಪರಿಹಾರ ಕೇಳುವ ಹಕ್ಕು ಅದರಲ್ಲಿದೆ. ದುಡ್ಡು ಸಣ್ಣದು, ಕೇಳಿದರೆ ಕಿಟಕಿಯಾಚೆ ಆಗುವ ಕಸಿವಿಸಿ ಸಣ್ಣದಲ್ಲ. ವಂಶವೃಕ್ಷ ಬರೆಯುವ ದಿನ ಅಕ್ಕತಂಗಿಯರನ್ನೂ ಊರಿಗೆ ಕರೆಸಿ, ಅವರ ಮುಂದೆಯೇ ಬರೆಯಿರಿ.